ಧಕ್ಕೆ ಇಲ್ಲದ ಹೊಳೆ

ಸೇಡಂ ಕಡೆ ಯಾರದಾದರೂ ಮನೆಗೆ ಹೋದರೆ ಒಳಗೆ ಕಾಲಿಡುವ ಮುಂಚೆ ಅಂಗಳದ ಫರಸಿ ನೋಡಿ. ಎರಡಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪ. ಒಣಗಿದ್ದಾಗ ಬೂದು ಬಣ್ಣ, ಮಳೆ ಬಿದ್ದರೆ ನೀಲಿಗೆ ತಿರುಗುತ್ತದೆ. ಒಂದನ್ನು ಎತ್ತುವುದಕ್ಕೆ ಸೊಂಟ ಗಟ್ಟಿ ಇರಬೇಕು, ತೂಕ 24–25 ಕಿಲೋ. ಅದರಲ್ಲಿ ಎಂಟೂವರೆ ಕಿಲೋ ಬರೀ ಗಾಳಿ.

ಮಾತಿನ ಚಂದಕ್ಕೆ ಹೇಳಿದ್ದಲ್ಲ ಇದು. ಅಪ್ಪಟ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಭಟ್ಟಿಯ ಬಾಯಿಂದ ಹಾರಿಹೋಗುತ್ತದೆ. ಫರಸಿಯ ಕಲ್ಲು, ಅಂದರೆ ನಮ್ಮ ಶಹಾಬಾದ್ ಕಲ್ಲು, ಅಷ್ಟು ಅಪ್ಪಟವಲ್ಲ. ಮರಳಿನ ಅಂಶ, ಜೇಡಿಯ ಅಂಶ ಬೆರೆತಿದೆ. ಆದ್ದರಿಂದ ನೂರಕ್ಕೆ 34–35ರಷ್ಟು ಹಾರುತ್ತದೆ. ಆ ಒಂದು ಫರಸಿಯಿಂದ ಹೊರಡುವ ಗಾಳಿಯನ್ನು ಹಿಡಿದಿಡಬೇಕೆಂದರೆ ಮಾಳಿಗೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ನಾಲ್ಕು ಸಾಲವು, ಐದನೆಯದೂ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಅಷ್ಟನ್ನು ಒಂದಂಗುಲ ದಪ್ಪದ ಕಲ್ಲಿನೊಳಗೆ ಮಡಚಿಟ್ಟು, ಮೇಲೆ ನಾವು ಕಾಟು ಹಾಕಿಕೊಂಡು ಮಲಗುತ್ತೇವೆ.

ಮಡಚಿಟ್ಟದ್ದು ಕಡಲು. ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ಚಿತ್ತಾಪುರದಲ್ಲಿ ನಿಂತು ಕಡಲು ಎಂದರೆ ಯಾರಿಗಾದರೂ ನಗು ಬರುತ್ತದೆ. ಭೂವಿಜ್ಞಾನಿಗಳು ಭೀಮಾ ಕೊಳ್ಳ ಎಂದು ಕರೆಯುವ ಈ ನೆಲದ ಹರವು ಸುಮಾರು 5,200 ಚದರ ಕಿ.ಮೀ. ಕಲಬುರಗಿ, ಯಾದಗಿರಿ ದಾಟಿ ತೆಲಂಗಾಣದ ತಾಂಡೂರಿನವರೆಗೂ ಚಾಚಿಕೊಂಡಿದೆ. ಇಲ್ಲಿನ ಸುಣ್ಣದ ಕಲ್ಲು 54 ಕೋಟಿ ವರ್ಷಕ್ಕೂ ಹಿಂದಿನದು. ಅಂದರೆ ಚಿಪ್ಪು ಹೊತ್ತ ಜೀವಿಗಳು ಕಡಲಲ್ಲಿ ಹರಡಿಕೊಳ್ಳುವುದಕ್ಕೂ ಮೊದಲಿನದು. ಅದಕ್ಕೇ ಶಹಾಬಾದಿನ ಖಣಿಯಲ್ಲಿ ಎಷ್ಟು ಸೀಳಿದರೂ ಒಂದು ಶಂಖ, ಒಂದು ಕಪ್ಪೆಚಿಪ್ಪು ಸಿಕ್ಕುವುದಿಲ್ಲ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ನಮ್ಮದು ಚಿಪ್ಪಿಗೂ ಹಿರಿಯ ಸುಣ್ಣ. ತಳದಲ್ಲಿ ಪದರದ ಮೇಲೆ ಪದರ ಕೂತ ಕೆಸರು ಅಷ್ಟು ವರ್ಷವಾದರೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಮಲಗಿದೆ. ಒಡ್ಡರು ಉಳಿಯಿಟ್ಟು ನಾಲ್ಕು ಪೆಟ್ಟು ಕೊಟ್ಟು, ಸಂದಿಗೆ ಹಾರೆ ತೂರಿಸಿ ಮೀಟಿದರೆ ಅಂಗಡಿಯವನ ವಹಿಯಿಂದ ಹಾಳೆ ಬಿಡಿಸಿದ ಹಾಗೆ ಫರಸಿ ಎದ್ದು ಬರುತ್ತದೆ. ಗರಗಸ ಬೇಕಾಗುವುದು ಅಂಚು ನೇರ ಮಾಡಲಿಕ್ಕೆ ಮಾತ್ರ.

ಇಷ್ಟು ಕಲ್ಲಿನ ನಡುವೆ ಕೂತ ಊರುಗಳು ಅದನ್ನು ಬಳಸಿದ ರೀತಿ ನೋಡಿದರೆ ಜಿಪುಣತನ ಎನ್ನಲಿಕ್ಕೇ ಆಗದು. ಗೋಡೆ ಕಲ್ಲಿನದು, ಮಾಳಿಗೆ ಕಲ್ಲಿನದು, ನೆಲ, ಕಟ್ಟೆ, ಮಾಡದ ಹಲಗೆ, ಹೊಲದ ಬದುವಿಗೆ ನೆಟ್ಟ ಬೇಲಿಯೂ ಕಲ್ಲೇ. ಮಳಖೇಡದ ಕೋಟೆ ಕಾಗಿಣಾ ಹೊಳೆಯ ದಂಡೆಯಲ್ಲಿ ನಿಂತಿರುವುದೂ ಇದೇ ಕಲ್ಲಿನಲ್ಲಿ. ಅಲ್ಲಿಂದ 64 ವರ್ಷ ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಮನೆತನವನ್ನು ಅರಬ್ ವ್ಯಾಪಾರಿ ಸುಲೈಮಾನ್ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಸಾಲಿಗೆ ಸೇರಿಸಿ ಬರೆದ. ಮಿಕ್ಕ ಮೂವರು ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ ಮತ್ತು ರೂಮಿನ ದೊರೆ.

ಆದರೆ ಸುಡುವ ಮಾತಿಗೆ ಬಂದರೆ ಬಹುಕಾಲ ಎಲ್ಲವೂ ಸಣ್ಣದೇ. ಹಳೆಯ ಮಾದರಿಯ ಒಂದು ಭಟ್ಟಿಯನ್ನು ಮನಸ್ಸಿನಲ್ಲಿ ಕಟ್ಟಿನೋಡಿ. ಹತ್ತಡಿ ಅಗಲದ ದುಂಡು ಗೋಡೆ, ಹತ್ತಡಿ ಎತ್ತರ, ಒಳಮೈಗೆ ಮಣ್ಣಿನ ಲೇಪ, ಬುಡದಲ್ಲಿ ಗಾಳಿಗೆ ಒಂದು ಕಣ್ಣು. ಒಂದು ಹಾಸು ಕಟ್ಟಿಗೆ, ಒಂದು ಹಾಸು ಕಲ್ಲು, ಮತ್ತೆ ಕಟ್ಟಿಗೆ, ಮತ್ತೆ ಕಲ್ಲು. ಇಂಥ ಭಟ್ಟಿಗೆ ಹಿಡಿಯುವ ಕಲ್ಲು 20 ಟನ್ನಿನ ಆಸುಪಾಸು. ಬೆಂಕಿ 900 ಡಿಗ್ರಿ ಮುಟ್ಟಬೇಕು, ಮುಟ್ಟಿ ನಿಲ್ಲಬೇಕು. ಹೊತ್ತಿಸಿದ ಮೇಲೆ ಬೇಯಲು ಕೆಲವು ದಿನ, ಆರಲು ಕೆಲವು ದಿನ. ತುಂಬಿ ತೆಗೆಯುವುದೂ ಸೇರಿ ಒಂದು ವಾರ ಎನ್ನೋಣ. ಕೈಗೆ ಬರುವುದು 13 ಟನ್ ಸುಟ್ಟ ಕಲ್ಲು. ಮಿಕ್ಕ 7 ಟನ್ ಊರಿನ ತಲೆಯ ಮೇಲಿಂದ ಹಾದುಹೋಗಿರುತ್ತದೆ, ಯಾರ ಕಣ್ಣಿಗೂ ಬೀಳದೆ.

ಕಟ್ಟಿಗೆಯ ಲೆಕ್ಕ ಕೇಳಿದರೆ ಭಟ್ಟಿ ಯಾಕೆ ಸಣ್ಣದಿತ್ತು ಎನ್ನುವುದು ಅರ್ಧ ತಿಳಿಯುತ್ತದೆ. ಒಂದು ಚೂರು ಶಾಖವೂ ಪೋಲಾಗದಿದ್ದರೂ ಒಂದು ಟನ್ ಸುಣ್ಣಕ್ಕೆ 200 ಕಿಲೋ ಒಣ ಕಟ್ಟಿಗೆ ಬೇಕು. ಬಾಯಿ ತೆರೆದ ಭಟ್ಟಿಯಲ್ಲಿ ಅದರ ಎರಡು ಮೂರು ಪಟ್ಟು. ತೊಗರಿ ಕಟ್ಟಿಗೆಯಿಂದ ಒಲೆ ಉರಿಸುವ ಬಯಲುಸೀಮೆಯಲ್ಲಿ ವಾರವಾರ 6–7 ಟನ್ ಮರ ತರುವುದು ಎಲ್ಲಿಂದ?

ಸುಟ್ಟ ಕಲ್ಲು ಅರಳುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಹಳೆಯ ಗೋಡೆಯೊಂದರ ರಿಪೇರಿಗೆ ಬಂದ ಮುದುಕ ಗೌಂಡಿಯೊಬ್ಬರು ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲಿ ನೀರು ತುಂಬಿ, ಕಲ್ಲುಗಳನ್ನು ಒಂದೊಂದಾಗಿ ಇಳಿಬಿಡುತ್ತಿದ್ದರು. ನೋಡಲಿಕ್ಕೆ ಮಾಮೂಲಿ ಬಿಳಿ ಕಲ್ಲು; ಕೈಗೆ ತಗೊಂಡರೆ ಮಾತ್ರ ಹಗುರ, ಒಂದಕ್ಕೊಂದು ತಾಗಿಸಿದರೆ ಮಡಕೆಯ ಚೂರಿನ ಸದ್ದು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಯಾರೋ ಉಸಿರು ಬಿಟ್ಟಂತೆ ಸುಸ್ ಎಂದು ಶಬ್ದ. ಕಲ್ಲು ಬಿರಿಯಿತು, ಬಿರಿದದ್ದು ಮತ್ತೆ ಬಿರಿಯಿತು, ನೋಡನೋಡುತ್ತ ಡ್ರಮ್ಮು ಕೊತಕೊತ ಕುದಿಯತೊಡಗಿತು. ಕೆಳಗೆ ಒಂದು ಕಡ್ಡಿ ಬೆಂಕಿ ಇಲ್ಲ.

“ಕಾಕಾ, ಕಲ್ಲಿನ ಮ್ಯಾಲೇ ನೀರ ಸುರವಿದ್ರ ಆಗಂಗಿಲ್ಲೇನು?” ಎಂದೆ.

“ನೀರಾಗ ಸುಣ್ಣಾ ಹಾಕಬೇಕಪಾ. ಸುಣ್ಣದ ಮ್ಯಾಲ ನೀರ ಹಾಕಿದ್ರ ಸೀದಾ ಕಣ್ಣಿಗೇ ಬರ್ತದ” ಎಂದು ನನ್ನನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು.

ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ ಅರಳುವಾಗ ಬಿಡುವ ಶಾಖ ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಲ್ಲದು. ಭಟ್ಟಿಯಲ್ಲಿ ತಿಂದ ಬೆಂಕಿಯ ಒಂದು ಪಾಲನ್ನು ಕಲ್ಲು ಹೀಗೆ ನೀರಿಗೆ ಹಿಂದಿರುಗಿಸುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಆ ಡ್ರಮ್ಮಿನ ಮುಂದೆ ನಿಂತವರು ಅಷ್ಟು ಸಲೀಸಾಗಿ ಆಡಲಿಕ್ಕಿಲ್ಲ.

ಅರಳಿದ ಸುಣ್ಣಕ್ಕೆ ಮರಳು ಬೆರೆಸಿ, ಎತ್ತಿನ ಗಾಣದಲ್ಲಿ ಅರೆದರೆ ಗಚ್ಚು. ಗಚ್ಚು ಗೋಡೆಯಲ್ಲಿ ಕೂತ ಮೇಲೆ ವರ್ಷಗಟ್ಟಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಭಟ್ಟಿಯಿಂದ ಹಾರಿಹೋದ 44ರಲ್ಲಿ ಹೆಚ್ಚಿನ ಪಾಲು ನಿಧಾನವಾಗಿ ಗೋಡೆಗೆ ಮರಳಿಬರುತ್ತದೆ. 1367ರ ಕಲಬುರಗಿ ಜಾಮಿ ಮಸೀದಿಯ ಗುಮ್ಮಟಗಳನ್ನೂ, 1656ರ ಹೊತ್ತಿಗೆ ಎದ್ದ ವಿಜಯಪುರದ ಗೋಲಗುಮ್ಮಟವನ್ನೂ ಹಿಡಿದಿಟ್ಟಿರುವುದು ಹೀಗೆ ಮರಳಿ ಕಲ್ಲಾದ ಸುಣ್ಣ.

ಇನ್ನು ಧಕ್ಕೆಯ ಮಾತು.

ಕರಾವಳಿಯವರಿಗೆ ಧಕ್ಕೆ ಎಂದರೆ ದೋಣಿ ನಿಲ್ಲುವ ಕಟ್ಟೆ. ನಮ್ಮ ಕಡೆ ಧಕ್ಕೆ ಎಂದರೆ ಪೆಟ್ಟು, ನಷ್ಟ. ಒಂದೇ ಶಬ್ದಕ್ಕೆ ಎರಡು ಅರ್ಥ ಬಂದದ್ದು ಆಕಸ್ಮಿಕವಿರಬಹುದು. ಕಾಗಿಣಾ ದಂಡೆಯಲ್ಲಿ ಮಾತ್ರ ಎರಡೂ ಅರ್ಥ ಜೊತೆಜೊತೆಗೇ ಬಂದವು.

ಇಂಗ್ಲೆಂಡಿನಲ್ಲಿ ಸುಣ್ಣದ ಗೂಡುಗಳನ್ನು ಹುಡುಕಿಕೊಂಡು ಹೋದರೆ ಅನೇಕ ಕಡೆ ಅವು ಸಿಕ್ಕುವುದು ಹೊಳೆದಂಡೆಯ ಧಕ್ಕೆಯ ಪಕ್ಕದಲ್ಲೇ. ತೇಮರ್ ನದಿಯ ದಂಡೆಯಲ್ಲಿ ಕೊಟೀಲ್ ಎಂಬ ಧಕ್ಕೆ ಇದೆ (ಹೆಸರು ಕೇಳಿ ದಕ್ಷಿಣ ಕನ್ನಡದವರು ಕಟೀಲು ಎಂದುಕೊಂಡಾರು). ಅಲ್ಲಿನ ಗೂಡುಗಳಿಗೆ ಕಲ್ಲೂ ದೋಣಿಯಲ್ಲಿ, ಕಲ್ಲಿದ್ದಲೂ ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಸುಣ್ಣವನ್ನು ಸುತ್ತಲಿನ ರೈತರು ಹೊಲಕ್ಕೆ ಹಾಕುತ್ತಿದ್ದರು, ಏಕೆಂದರೆ ಅಲ್ಲಿನದು ಹುಳಿ ಮಣ್ಣು. ನಮ್ಮಲ್ಲಿ ಎಲ್ಲವೂ ಉಲ್ಟಾ. ಕಲ್ಲು ಕಾಲಕೆಳಗೇ ಇದೆ. ಎರೆ ಭೂಮಿಯಲ್ಲಿ ಸುಣ್ಣದ ಹರಳು ತಾನಾಗಿಯೇ ತುಂಬಿದ್ದು, ಹೊಲಕ್ಕೆ ಸುಣ್ಣ ಬೇಕಿಲ್ಲ. ಇಲ್ಲದ್ದು ದೋಣಿ. ಕಾಗಿಣಾ ತೆಲಂಗಾಣದ ಕಡೆಯಿಂದ ಇಳಿದು, ಸೇಡಂ ತಾಲ್ಲೂಕು, ಮಳಖೇಡ, ಚಿತ್ತಾಪುರದ ನೆಲ ದಾಟಿ ಶಹಾಬಾದ್ ಹತ್ತಿರ ಹೊನಗುಂಟಾದಲ್ಲಿ ಭೀಮೆಗೆ ಸೇರುವ ಹೊಳೆ. ಬೇಸಿಗೆಯಲ್ಲಿ ಅದರ ಪಾತ್ರದ ಹಾಸುಗಲ್ಲಿನ ಮೇಲೆ ಕಾಲು ನೆನೆಯದೆ ದಾಟಬಹುದು. 2020ರ ಅಕ್ಟೋಬರಿನಂಥ ಮಳೆ ಬಂದರೆ ಮಳಖೇಡದ ಸೇತುವೆಯೇ ಮುಳುಗುತ್ತದೆ. ದೋಣಿ ನಡೆಸಲಿಕ್ಕೆ ಎರಡೂ ಆಗದು.

ಹಾಗಾಗಿ ಸಾಗಣೆ ಎಂದರೆ ಬಂಡಿ. ಎರಡೆತ್ತಿನ ಬಂಡಿಗೆ ಅರ್ಧ ಟನ್ ಹೇರಿಕೊಳ್ಳಿ, ದಿನಕ್ಕೆ ನಡೆಯುವುದು 25–30 ಕಿ.ಮೀ. ದೂರ ಹೆಚ್ಚಿದಷ್ಟೂ ಎತ್ತಿನ ಮೇವಿನ ಖರ್ಚು ಸುಣ್ಣದ ಬೆಲೆಯನ್ನು ತಿನ್ನುತ್ತ ಹೋಗುತ್ತದೆ. ಭಟ್ಟಿ ಸಣ್ಣದಿದ್ದದ್ದಕ್ಕೆ ಇದು ಇನ್ನರ್ಧ ಕಾರಣ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಗೂಡು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವುದು ಕಲ್ಲೂ ಅಲ್ಲ, ಬೆಂಕಿಯೂ ಅಲ್ಲ, ಧಕ್ಕೆ. 54 ಕೋಟಿ ವರ್ಷದಿಂದ ಈ ಕಲ್ಲು ಇದ್ದಲ್ಲೇ ಇದ್ದದ್ದು ಅದಕ್ಕೆ ಹೊರದಾರಿ ಇರಲಿಲ್ಲವೆಂದೇ.

ಹೊರದಾರಿ ಬಂದದ್ದು ಮೂರ್ನಾಲ್ಕು ವರ್ಷಗಳ ಒಳಗೆ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ಕಂಪನಿಯ ರೈಲುಹಳಿ ಶಹಾಬಾದ್, ವಾಡಿ ಹಾದು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿಕೊಂಡಿತು. 1874ರ ಅಕ್ಟೋಬರಿನಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ದೂರ ಸುಮಾರು 185 ಕಿ.ಮೀ., ಹಾದಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು. ನಕ್ಷೆ ಬಿಡಿಸಿ ನೋಡಿದರೆ ನಿಜಾಮ ಹೈದರಾಬಾದನ್ನು ಮುಂಬಯಿಗೆ ಜೋಡಿಸುವ ನೆಪದಲ್ಲಿ ಸುಣ್ಣದ ಕಲ್ಲಿನ ಬೆನ್ನ ಮೇಲೇ ಹಳಿ ಹಾಸಿಸಿದನೇನೋ ಅನ್ನಿಸುತ್ತದೆ. ಇನ್ನೂ ಒಂದು ಕಾಕತಾಳೀಯ. ಅದೇ 1871ರ ಸುಮಾರಿಗೆ ಭೂವಿಜ್ಞಾನ ಇಲಾಖೆಯ ಡಾ. ವಿಲಿಯಂ ಕಿಂಗ್ ಯೆಲ್ಲಂದು ಊರಿನ ಬಳಿ ಕಲ್ಲಿದ್ದಲು ಕಂಡುಹಿಡಿದರು. ಇವತ್ತಿನ ಸಿಂಗರೇಣಿ ಗಣಿಗಳಿಗೆ ಅದು ಮೊದಲು. ನಿಜಾಮರ ಹಳಿ 1889ರ ಹೊತ್ತಿಗೆ ಬೆಜವಾಡದವರೆಗೆ ಬೆಳೆದಾಗ ಒಂದು ತುದಿಗೆ ಕಲ್ಲು, ಇನ್ನೊಂದು ಕಡೆಗೆ ಕಲ್ಲಿದ್ದಲು, ನಡುವೆ ಒಂದೇ ದಾರಿ. ತೊಗರಿ ಕಟ್ಟಿಗೆಯ ಸೀಮೆಗೆ ಬೆಂಕಿ ವ್ಯಾಗನ್ನಿನಲ್ಲಿ ಬರುವಂತಾಯಿತು. ಕಾಗಿಣಾಕ್ಕೆ ಸಿಕ್ಕದ ಧಕ್ಕೆ ವಾಡಿ ಜಂಕ್ಷನ್ನಿನ ರೂಪದಲ್ಲಿ ಸಿಕ್ಕಿತು.

ಮೊದಲು ಹೊರಟದ್ದು ಫರಸಿ. ಮಹಾರಾಷ್ಟ್ರದ ಹಳೆಯ ಮನೆಗಳಲ್ಲಿ ಇವತ್ತಿಗೂ ನೆಲದ ಕಲ್ಲಿಗೆ ಶಹಾಬಾದಿ ಎಂದೇ ಹೆಸರು, ಕಲ್ಲು ಎಲ್ಲಿಯದೇ ಇರಲಿ. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರ ಆಗಸ್ಟ್ 1ರಂದು ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರೊಳಗೆ ಸೇರಿತು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಈಚಿನ ದಶಕದಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾ. ಮಾಲೀಕರ ಹೆಸರುಗಳು ಈ ಕೆಲವು ವರ್ಷಗಳಲ್ಲಿ ಎಷ್ಟು ಬೇಗ ಬದಲಾದವೆಂದರೆ ಫಲಕ ಬರೆಯುವವನಿಗೂ ಕಷ್ಟ, ಅದನ್ನು ಬಿಡೋಣ. ಗಮನಿಸಬೇಕಾದದ್ದು ಚಿಂಚೋಳಿ. ಅಲ್ಲೂ ಕಲ್ಲಿದೆ, ಮುಲ್ಲಾಮಾರಿ ಹೊಳೆಯೂ ಇದೆ, ಪಟ್ಟಣಕ್ಕೆ ರೈಲು ನಿಲ್ದಾಣ ಇಲ್ಲ. ದೊಡ್ಡ ಸಿಮೆಂಟ್ ಕಾರ್ಖಾನೆಗಳು ಆ ತಾಲ್ಲೂಕಿಗೆ ಬಂದದ್ದು 2000ದ ನಂತರವೇ, ಶಹಾಬಾದಿಗಿಂತ ಎಂಟು ದಶಕಕ್ಕೂ ಹೆಚ್ಚು ತಡವಾಗಿ.

2010ರ ಸುಮಾರಿಗೆ ವಾಡಿಯಲ್ಲಿ ಒಂದು ಹೊಸ ಕಿಲ್ನ್ ಹೊತ್ತಿತು. ದಿನಕ್ಕೆ 12,500 ಟನ್ ಕ್ಲಿಂಕರ್ (ಅರೆದರೆ ಸಿಮೆಂಟಾಗುವ ಸುಟ್ಟ ಉಂಡೆ) ಸುಡುವ ಒಂಟಿ ಗೂಡು. ಜಗತ್ತಿನ ಅತಿದೊಡ್ಡ ಗೂಡುಗಳ ಸಾಲಿನಲ್ಲಿ ಅದರ ಹೆಸರು ಬಂತು. ಇದು ಹಳೆಯ ಭಟ್ಟಿಯ ಹಾಗೆ ನಿಂತಿರುವುದಿಲ್ಲ, ಮಲಗಿರುತ್ತದೆ. ಸ್ವಲ್ಪ ಓರೆಯಾಗಿ ಮಲಗಿ ಉರುಳುತ್ತಿರುವ ಉಕ್ಕಿನ ಕೊಳವೆ, ಒಳಗೆಲ್ಲ ಬೆಂಕಿ ಇಟ್ಟಿಗೆಯ ಹಾಸು. ಈ ಅಳತೆಯ ಗೂಡುಗಳ ಅಡ್ಡಗಲ ಸಾಮಾನ್ಯವಾಗಿ ಆರು ಮೀಟರಿನ ಆಚೀಚೆ. ಒಂದು ಲಾರಿ ಸಲೀಸಾಗಿ ಒಳಗೆ ಹೋದೀತು. ಸುಣ್ಣಕ್ಕೆ 900 ಡಿಗ್ರಿ ಸಾಕು. ಸಿಮೆಂಟಿಗೆ ಕಲ್ಲಿನೊಳಗಿನ ಜೇಡಿಯೂ ಮರಳೂ ಸುಣ್ಣದ ಜೊತೆ ಕರಗಿ ಕೂಡಬೇಕು, 1,450 ಡಿಗ್ರಿ ಬೇಕು. ಸುಣ್ಣದವನಿಗೆ ಕಸವಾಗಿದ್ದ ಬೆರಕೆಯೇ ಸಿಮೆಂಟಿನವನಿಗೆ ಬೇಕಾದ ಸರಕು.

12,500 ಎಂಬ ಸಂಖ್ಯೆ ಕಿವಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ. ಪೆನ್ಸಿಲ್ ಹಿಡಿದು ಕೂತೆ.

ಸೆಕೆಂಡಿಗೆ 145 ಕಿಲೋ. ಅಂದರೆ ಹೆಚ್ಚುಕಡಿಮೆ ಮೂರು ಚೀಲ, ಕಣ್ಣು ಮಿಟುಕಿಸುವಷ್ಟರಲ್ಲಿ. ಮೇಲೆ ಕಟ್ಟಿದ ನಮ್ಮ ಹಳೆಯ ಭಟ್ಟಿ ಇಡೀ ವಾರ ಉರಿದು ಕೊಟ್ಟ 13 ಟನ್ನನ್ನು ಈ ಗೂಡು ಒಂದೂವರೆ ನಿಮಿಷದಲ್ಲಿ ಹೊರಹಾಕುತ್ತದೆ. ಸುಣ್ಣವೂ ಕ್ಲಿಂಕರೂ ಒಂದೇ ಅಲ್ಲ, ಒಪ್ಪಿದೆ. ತೂಕಕ್ಕೆ ತೂಕ ಇಟ್ಟು ನೋಡಿದ್ದಷ್ಟೇ.

ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಲ್ಲು. ದಿನಕ್ಕೆ 18,750 ಟನ್. ಘನ ಮೀಟರಿಗೆ ಇಳಿಸಿದರೆ 7,200. ಈ ಅಂಕಿ ಬರೆದ ಮೇಲೆ ಬೇರೊಂದು ಅಂಕಿ ನೆನಪಾಯಿತು. ಗೋಲಗುಮ್ಮಟದ ಗುಮ್ಮಟದ ಹೊರ ಅಡ್ಡಗಲ 44 ಮೀಟರ್, ಅದರ ಗೋಡೆಯ ದಪ್ಪ ಬುಡದಲ್ಲಿ ಹತ್ತಡಿ, ನೆತ್ತಿಯಲ್ಲಿ ಒಂಬತ್ತಡಿ. ಅರ್ಧ ಚೆಂಡಿನ ಲೆಕ್ಕ ಹಾಕಿದರೆ ಇಟ್ಟಿಗೆ, ಗಚ್ಚು ಎಲ್ಲ ಸೇರಿ 7,500 ಘನ ಮೀಟರಿನ ಆಸುಪಾಸು. ಮುಹಮ್ಮದ್ ಆದಿಲ್‌ಶಾಹ ತನ್ನ ಆಳ್ವಿಕೆಯುದ್ದಕ್ಕೂ ಕಟ್ಟಿಸಿದ ಗೋರಿಯ ನೆತ್ತಿಯ ಗುಮ್ಮಟ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟು ಗಾತ್ರದ ಕಲ್ಲನ್ನು ವಾಡಿಯ ಒಂದು ಗೂಡು ಬೆಳಗಿನಿಂದ ಬೆಳಗಿನವರೆಗೆ ನುಂಗುತ್ತದೆ. ಎರಡು ಸಲ ಲೆಕ್ಕ ಹಾಕಿದೆ, ಎಲ್ಲೋ ಸೊನ್ನೆ ಹೆಚ್ಚಾಗಿದೆ ಅಂದುಕೊಂಡು. ಆಗಿರಲಿಲ್ಲ.

ರಾಷ್ಟ್ರಕೂಟರ ನೆನಪಿಗೆ ಇನ್ನೊಂದು. ಎಲ್ಲೋರದ ಕೈಲಾಸಕ್ಕಾಗಿ ಬೆಟ್ಟದಿಂದ ಕಡಿದು ತೆಗೆದ ಬಂಡೆ ಒಂದೂವರೆಯಿಂದ ಎರಡು ಲಕ್ಷ ಟನ್ ಎನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಎರಡು ಲಕ್ಷ ಎಂದೇ ಹಿಡಿದರೂ ಈ ಗೂಡಿಗೆ ಅದು ಹನ್ನೊಂದು ದಿನದ ಊಟವಲ್ಲ.

ಈಗ ಧಕ್ಕೆಯನ್ನು ಅಳೆಯೋಣ. ರೈಲು ಬಂದೇ ಇರದಿದ್ದರೆ? 12,500 ಟನ್ ಹೊರಲು ಅರ್ಧ ಟನ್ನಿನ ಬಂಡಿ 25,000 ಬೇಕು, ಎತ್ತು 50,000. ಎತ್ತೂ ಬಂಡಿಯೂ ಮುಂದಿನ ಬಂಡಿಗೆ ಬಿಡುವ ಜಾಗವೂ ಸೇರಿ ಒಂದಕ್ಕೆ 25 ಅಡಿ ಎಂದರೆ ಸಾಲಿನ ಉದ್ದ 190 ಕಿ.ಮೀ. ಕೊನೆಯ ಬಂಡಿ ವಾಡಿ ಬಿಡುವ ಹೊತ್ತಿಗೆ ಮೊದಲ ಬಂಡಿ ಸಿಕಂದರಾಬಾದ್ ಸ್ಟೇಷನ್ ದಾಟಿರಬೇಕು. ನಾಳೆ ಬೆಳಿಗ್ಗೆ ಮತ್ತೆ ಅಷ್ಟೇ ಉದ್ದದ ಸಾಲು. ಹಿಂದಿರುಗುವ ಖಾಲಿ ಬಂಡಿಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, 50,000 ಎತ್ತಿನ ಹೊಟ್ಟು ಮೇವಂತೂ ದೂರದ ಮಾತು. ರೈಲಿನಲ್ಲಾದರೆ 60 ಟನ್ನಿನ ವ್ಯಾಗನ್ನು 208. ಐದು ಗೂಡ್ಸ್ ಗಾಡಿ ಬಂದು ಹೋದರೆ ಮುಗಿಯಿತು. ಬರುವಾಗ ಕಲ್ಲಿದ್ದಲಿನದು ಬೇರೆ, ದಿನಕ್ಕೆ ಸುಮಾರು 1,800ರಿಂದ 2,000 ಟನ್.

ಇದು ಒಂದು ಗೂಡಿನ ಲೆಕ್ಕ ಮಾತ್ರ. ವಾಡಿಯಲ್ಲೇ ಬೇರೆ ಗೂಡುಗಳಿವೆ. ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿಯವು ಇನ್ನೂ ಉಳಿದೇ ಇವೆ. ಎಲ್ಲವನ್ನೂ ಕೂಡಿಸಿ ಒಂದು ದೊಡ್ಡ ಮೊತ್ತ ಬರೆಯಬಹುದಿತ್ತು. ಒಂದನ್ನೇ ಅರಗಿಸಿಕೊಳ್ಳಲು ಇಷ್ಟು ಹೊತ್ತು ಹಿಡಿದಿರುವಾಗ ಅದು ಬೇಡವೆನಿಸಿತು.

ಕಲ್ಲು ಹೋದ ಜಾಗದ ಮಾತು ಆಡಲೇಬೇಕು. ವರ್ಷಕ್ಕೆ 330 ದಿನ ಉರಿದರೆ ಗೂಡಿಗೆ ಬೇಕಾದ ಕಲ್ಲು 62 ಲಕ್ಷ ಟನ್. ಹತ್ತು ಮೀಟರ್ ಆಳಕ್ಕೆ ತೆಗೆದರೆ ವರ್ಷಕ್ಕೆ 59 ಎಕರೆ ನೆಲ. ಐದೈದು ಎಕರೆಯ ತೊಗರಿ ಹೊಲವಿರುವ ಒಂದು ಡಜನ್ ಮನೆಗಳ ಆಸ್ತಿ ಒಂದು ವರ್ಷಕ್ಕೆ. ಹೊಲದ ಬೆಲೆ ಕೊಡುತ್ತಾರೆ, ನಿಜ. ಆದರೆ ತೊಗರಿ ಪ್ರತಿವರ್ಷ ಬರುತ್ತದೆ, ಕಲ್ಲು ಒಂದೇ ಸಲ. ಫರಸಿ ತೆಗೆದು ಬಿಟ್ಟ ಹಳೆಯ ಖಣಿಗಳೂ ಶಹಾಬಾದಿನ ಸುತ್ತ ಬಾಯಿ ತೆರೆದು ಕೂತಿವೆ. ಮಳೆಗಾಲದ ನೀರು ತುಂಬಿ ಹಸಿರು ಬಣ್ಣಕ್ಕೆ ತಿರುಗಿರುತ್ತವೆ, ಅಂಚು ಗೋಡೆಯ ಹಾಗೆ ಕಡಿದು. ಇಳಿಯಲು ಮೆಟ್ಟಿಲಿಲ್ಲದ ಬಾವಿ ಎಂದರೆ ಸರಿಯಾದೀತು. ಸುತ್ತ ಕಲ್ಲಿಗೆ ಬರವಿಲ್ಲದ ಊರಿನಲ್ಲಿ ಖಣಿಗೊಂದು ಕಲ್ಲಿನ ಬೇಲಿ ಹಾಕಲು ಏನು ಬಡತನವೋ ತಿಳಿಯದು.

ಮತ್ತೆ ಆ ಗಾಳಿ. ದಿನಕ್ಕೆ ಕಲ್ಲಿನಿಂದಲೇ ಬಿಡುಗಡೆಯಾಗುವುದು ಸುಮಾರು 6,600 ಟನ್. ಕಲ್ಲಿದ್ದಲಿನ ಹೊಗೆಯದ್ದೂ ಸೇರಿಸಿದರೆ ಹತ್ತು ಸಾವಿರ ದಾಟುತ್ತದೆ. ಗೇಟಿನಿಂದ ಹೊರಹೋಗುವ ಮಾಲಿನ ತೂಕಕ್ಕೂ ಕೊಳವೆಯಿಂದ ಮೇಲೆ ಹೋಗುವ ಗಾಳಿಯ ತೂಕಕ್ಕೂ ಅಂಥ ಅಂತರವಿಲ್ಲ. ಮೊದಲನೆಯದಕ್ಕೆ 208 ವ್ಯಾಗನ್ನು, ಕಾಟಾ, ರಸೀದಿ, ಜಿ.ಎಸ್.ಟಿ. ಎರಡನೆಯದಕ್ಕೆ ಯಾವ ಧಕ್ಕೆಯೂ ಬೇಡ. ಗಚ್ಚಿನ ಗೋಡೆಯ ಹಾಗೆ ಕಾಂಕ್ರೀಟೂ ಸ್ವಲ್ಪ ಹೀರಿಕೊಳ್ಳುತ್ತದೆ, ಆದರೆ ಹೊರಮೈಯಿಂದ, ಬಲು ನಿಧಾನವಾಗಿ. ಹೋದದ್ದರಲ್ಲಿ ಒಂದು ಪಾಲು ಮಾತ್ರ.

ಧಕ್ಕೆ ತೆರೆದರೆ ಕಲ್ಲಿಗೆ ಏನಾಗುತ್ತದೆ ಎನ್ನುವುದಕ್ಕೆ ಸಿಮೆಂಟಿಗೂ ಮುಂಚಿನ ಕಥೆಯೊಂದಿದೆ, ಕೃಷ್ಣಾ ನದಿಯ ಕೆಳದಂಡೆಯದು. ಅಮರಾವತಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು ಸುಣ್ಣದ ಕಲ್ಲಿನವು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಲ್ಲಿ ಹೊಸ ಪೇಟೆ ಕಟ್ಟುವಾಗ ಸ್ತೂಪದ ದಿಬ್ಬ ಅಗೆದರು. ಚಪ್ಪಡಿಗಳು ಮೆಟ್ಟಿಲಾದವು, ಗೋಡೆಯಾದವು, ಹಲವು ಭಟ್ಟಿಗೆ ಬಿದ್ದು ಸುಣ್ಣವಾದವು. 1797ರ ಸುಮಾರಿಗೆ ನೋಡಿ ಹೋಗಿದ್ದ ಕಾಲಿನ್ ಮೆಕೆಂಜಿ 1816ರಲ್ಲಿ ಮತ್ತೆ ಬಂದಾಗ ಬಹಳಷ್ಟು ಇಲ್ಲವಾಗಿತ್ತು. ಉಳಿದವು ಇವತ್ತು ಚೆನ್ನೈಯಲ್ಲೂ ಲಂಡನ್ನಿನಲ್ಲೂ ಇವೆ. ಬುದ್ಧನ ಬದುಕನ್ನು ಕೆತ್ತಿದ್ದ ಕಲ್ಲಿನಿಂದ ಯಾರದೋ ಹಿತ್ತಿಲ ಗೋಡೆಗೆ ಬಿಳಿ ಬಂತು.

ಅಂಥದ್ದೇ ಒಂದು ಸ್ತೂಪ ಚಿತ್ತಾಪುರ ತಾಲ್ಲೂಕಿನಲ್ಲೂ ಇತ್ತು, ಭೀಮೆಯ ದಂಡೆಯಲ್ಲಿ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ. ಅದೂ ಸುಣ್ಣದ ಕಲ್ಲೇ, ಇದೇ ಸೀಮೆಯದು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಪೀಠಕ್ಕಾಗಿ ಅದರ ನಡುವೆ ತೂತು ಕೊರೆದಿದ್ದರು. ಆಮೇಲೆ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಕನಗನಹಳ್ಳಿಯ ದಿಬ್ಬ ಅಗೆದಾಗ ಮಣ್ಣಿನಡಿಯಿಂದ ಚಪ್ಪಡಿಗಳು ಸಾಲುಸಾಲಾಗಿ ಎದ್ದುಬಂದವು. ಒಂದರ ಮೇಲೆ ರಾಜ, ರಾಣಿ, ಪರಿಚಾರಕಿಯರು. ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: ರಾಯೋ ಅಸೋಕೋ. ಅಶೋಕನ ಹೆಸರನ್ನೇ ಬರೆದಿಟ್ಟ ಆತನ ಪ್ರಾಚೀನ ಶಿಲ್ಪ ಬೇರೆಲ್ಲೂ ಹೀಗೆ ಸ್ಪಷ್ಟವಾಗಿ ಸಿಕ್ಕಿಲ್ಲ.

ಇಂಥ ಚಪ್ಪಡಿಯೊಂದು ಅರ್ಧ ಟನ್ ತೂಗುತ್ತದೆ ಎಂದುಕೊಳ್ಳಿ. ವಾಡಿಯ ಗೂಡು ಸೆಕೆಂಡಿಗೆ ನುಂಗುವ ಕಲ್ಲು 217 ಕಿಲೋ. ಎರಡೂಕಾಲು ಸೆಕೆಂಡಿನ ಕೆಲಸ. ಯಾರ ಭಟ್ಟಿಗೂ ಬೀಳದೆ, ಯಾವ ಬಂಡಿಗೂ ಏರದೆ, ಭೀಮೆಯ ದಂಡೆಯ ಮಣ್ಣಿನಲ್ಲಿ ಮೈ ಮುಚ್ಚಿಕೊಂಡು ಅದು ಶತಮಾನಗಟ್ಟಲೆ ಮಲಗಿತ್ತು.

ಹೋಗಿ ನೋಡಬೇಕೆನ್ನುವವರು ವಾಡಿ ದಾಟಿ ರಾಯಚೂರಿನ ಕಡೆ ಹೋಗುವ ಪ್ಯಾಸೆಂಜರ್ ಹಿಡಿದು ನಾಲವಾರದಲ್ಲಿ ಇಳಿಯಿರಿ. ಅಲ್ಲಿಂದ ಸನ್ನತಿ ಸುಮಾರು 20 ಕಿ.ಮೀ.